ವಾಲ್ಟರ್ ಟಲ್ಲನ ಚರಿತ್ರೆ: ‘ಮೊದಲಿಗ’ನೆಂಬ ಬಿರುದಿನ ವಿಮರ್ಶೆ

ಕಾಲ್ಚೆಂಡಿನ ಆಟಗಾರನಾಗಿದ್ದು ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಮಡಿದ ವಾಲ್ಟರ್ ಟಲ್ಲನನ್ನು ಕುರಿತು ಈಚಿನ ದಶಕಗಳಲ್ಲಿ ಹಲವು ಬರೆಹಗಳು ಹೊರಬಂದಿವೆ. ಚದುರಿಹೋಗಿದ್ದ ಸಾಮಗ್ರಿಯನ್ನು ಕಲೆಹಾಕಿದ ಫಿಲ್ ವಾಸಿಲಿಯವರ ಪರಿಶ್ರಮವು ಸ್ತುತ್ಯವಾದುದು. ಆದರೆ ಜನಪ್ರಿಯ ಬರೆಹಗಳು ಬಹುಮಟ್ಟಿಗೆ ಟಲ್ಲನನ್ನು ಬ್ರಿಟಿಷ್ ಸೈನ್ಯದ ‘ಮೊದಲನೆಯ ಕಪ್ಪುವರ್ಣದ ಅಧಿಕಾರಿ’ ಎಂಬ ಒಂದೇ ಬಿರುದಿಗೆ ಕಟ್ಟಿಹಾಕಿವೆ. ಈ ಬಿರುದು ಆಧಾರಗಳ ಮುಂದೆ ನಿಲ್ಲದು. ನಿಲ್ಲದಿದ್ದರೂ ಟಲ್ಲನ ಹಿರಿಮೆಗೆ ಕುಂದಿಲ್ಲವೆಂಬುದು ಪ್ರಕೃತ ಲೇಖನದ ವಾದ.

ಟಲ್ 1888ರ ಏಪ್ರಿಲ್ 28ರಂದು ಇಂಗ್ಲೆಂಡಿನ ಫೋಕ್‌ಸ್ಟನ್ನಿನಲ್ಲಿ ಹುಟ್ಟಿದನು. ತಂದೆ ಬಾರ್ಬಡೋಸ್ ದ್ವೀಪದಿಂದ ಬಂದ ಬಡಗಿ, ತಾಯಿ ಇಂಗ್ಲಿಷ್ ಹೆಂಗಸು. ಇಬ್ಬರೂ ತೀರಿಕೊಂಡ ಮೇಲೆ ಲಂಡನ್ನಿನ ಅನಾಥಾಲಯದಲ್ಲಿ ಬೆಳೆದನು. 1909ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡವನ್ನು ಸೇರಿದನು. ಅದೇ ವರ್ಷ ಬ್ರಿಸ್ಟಲ್ಲಿನ ಪ್ರೇಕ್ಷಕರಲ್ಲಿ ಒಂದು ಗುಂಪು ಅವನ ಬಣ್ಣವನ್ನು ಹಿಡಿದು ಹೀನವಾಗಿ ನಿಂದಿಸಿತು. ಪತ್ರಿಕೆಯ ವರದಿಗಾರನೊಬ್ಬನು ಅದನ್ನು ಖಂಡಿಸಿ ಬರೆದನು. ಬಳಿಕ ನಾರ್ತಾಂಪ್ಟನ್ ಟೌನ್ ತಂಡಕ್ಕಾಗಿ ನೂರಕ್ಕೂ ಮಿಕ್ಕ ಪಂದ್ಯಗಳನ್ನಾಡಿದನು. 1914ರ ಡಿಸೆಂಬರಿನಲ್ಲಿ, ಕಾಲ್ಚೆಂಡಾಟಗಾರರ ದಳವೆಂದೇ ಹೆಸರಾದ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೆಯ ಬೆಟಾಲಿಯನ್ನಿಗೆ ಸೇರಿ, 1917ರ ಮೇ 30ರಂದು ಸೆಕೆಂಡ್ ಲೆಫ್ಟಿನೆಂಟನಾದನು. 1918ರ ಮಾರ್ಚ್ 25ರಂದು ಫ್ರಾನ್ಸಿನ ರಣರಂಗದಲ್ಲಿ ಮಡಿದನು. ದೇಹವು ದೊರೆಯಲಿಲ್ಲ.

ಜಮೈಕಾದಲ್ಲಿ ಹುಟ್ಟಿದ ಜಾರ್ಜ್ ಬೆಮಂಡನು 1915ರಲ್ಲಿಯೇ ಫಿರಂಗಿದಳದ ಅಧಿಕಾರಿಯಾಗಿದ್ದನು. ಇಷ್ಟರಿಂದಲೇ ‘ಮೊದಲಿಗ’ನೆಂಬ ಮಾತು ಬಿದ್ದುಹೋಗುತ್ತದೆ. ಆದರೆ ವಿಚಾರ ಇಲ್ಲಿಗೇ ಮುಗಿಯುವುದಿಲ್ಲ. ಅಂದಿನ ಸೈನ್ಯವು ಅಧಿಕಾರಿಯ ಪದವಿಯನ್ನು ಶುದ್ಧ ಐರೋಪ್ಯ ವಂಶದವರಿಗೆ ಮೀಸಲೆಂದು ಭಾವಿಸಿತ್ತು. ನೀನು ಆ ವಂಶದವನೋ ಎಂಬ ಅರ್ಜಿಯ ಪ್ರಶ್ನೆಗೆ ಬೆಮಂಡನು ಹೌದೆಂದು ಬರೆದನು. ಟಲ್ಲನಿಗೆ ಆ ಮರೆ ಇರಲಿಲ್ಲ. ಸಹಸ್ರಾರು ಪ್ರೇಕ್ಷಕರು ಅವನನ್ನು ಕಂಡಿದ್ದರು. ಅವನ ಭಾವಚಿತ್ರಗಳು ಅಚ್ಚಾಗಿದ್ದವು. ಆಟದ ಮೈದಾನವೇ ಅವನ ಬಣ್ಣವನ್ನು ಬಹಿರಂಗಪಡಿಸಿತ್ತು. ತಿಳಿದೂ ತಿಳಿದೂ ಸೈನ್ಯವು ಅವನಿಗೆ ಪದವಿ ಕೊಟ್ಟಿತೆಂಬುದೇ ವಿಚಾರಾರ್ಹವಾದ ಸಂಗತಿ. ಜೀವನಚರಿತ್ರೆಗಳಲ್ಲಿ ಆಟವು ಯುದ್ಧಕ್ಕೆ ಬರಿಯ ಪೀಠಿಕೆಯಾಗಿ ಬರುವುದು ಈ ಕಾರಣದಿಂದ ದೋಷವೆಂದು ನನ್ನ ಎಣಿಕೆ.

ಕೆಂಗೇರಿ ಉಪನಗರದ ತರಗತಿಯಲ್ಲಿ ಇದನ್ನು ಬೋಧಿಸುವ ಅಧ್ಯಾಪಕನು ಉದಾಹರಣೆಗಾಗಿ ಇಂಗ್ಲೆಂಡಿನಲ್ಲಿಯೇ ನಿಲ್ಲಬೇಕಾಗಿಲ್ಲ. ಟಲ್ಲನಿಗೆ ಪದವಿ ದೊರೆತ ಮೂರು ತಿಂಗಳೊಳಗೆ, 1917ರ ಆಗಸ್ಟಿನಲ್ಲಿ, ಭಾರತೀಯರಿಗೂ ರಾಜನ ಕಮಿಷನ್ನು ಕೊಡಲು ಬ್ರಿಟಿಷ್ ಸರ್ಕಾರ ಒಪ್ಪಿತು. ಕೊಡಗಿನ ಕೆ. ಎಂ. ಕಾರ್ಯಪ್ಪನವರು ಇಂದೂರಿನ ಡೇಲಿ ಕಾಲೇಜಿನಲ್ಲಿ ಶಿಕ್ಷಣ ಪಡೆದು 1919ರಲ್ಲಿ ಅದನ್ನು ಪಡೆದ ಮೊದಲ ತಂಡದವರು. ಎರಡು ಘಟನೆಗಳಿಗೂ ನೇರವಾದ ಸಂಬಂಧವನ್ನು ಕಲ್ಪಿಸುವುದು ಸಲ್ಲದು. ಎರಡರ ಹಿಂದೆಯೂ ಯುದ್ಧದ ಒತ್ತಡವಿದ್ದುದು ಮಾತ್ರ ಸ್ಪಷ್ಟ. ಅಧಿಕಾರಿಗಳು ಗುಂಪುಗುಂಪಾಗಿ ಸಾಯುತ್ತಿದ್ದ ಕಾಲದಲ್ಲಿ ಕಟ್ಟಳೆ ಸಡಿಲವಾಯಿತು.

ಇನ್ನು ಮಿಲಿಟರಿ ಕ್ರಾಸ್ ಪದಕದ ವಿವಾದ. ಟಲ್ಲನ ಹೆಸರು ಅದಕ್ಕೆ ಶಿಫಾರಸಾಗಿತ್ತೆಂದು ಅವನ ಅಣ್ಣನಿಗೆ ಸಹಾಧಿಕಾರಿಯೊಬ್ಬನು ಪತ್ರ ಬರೆದಿದ್ದನು. ಶಿಫಾರಸಿನ ಕಾಗದವು ಸರ್ಕಾರಿ ದಫ್ತರದಲ್ಲಿ ದೊರೆತಿಲ್ಲ. ಬಣ್ಣದ ಕಾರಣದಿಂದಲೇ ಪದಕವನ್ನು ತಪ್ಪಿಸಿದರೆಂದು ಕೆಲವರು ಖಂಡಿತವಾಗಿ ಹೇಳಿಬಿಡುತ್ತಾರೆ. ಹಾಗೆ ಸಂದೇಹಪಡಲು ಅವಕಾಶವುಂಟು. ಆದರೆ ಪತ್ರವು ಶಿಫಾರಸಿಗೆ ಸಾಕ್ಷಿಯೇ ಹೊರತು ನಿರಾಕರಣೆಯ ಕಾರಣಕ್ಕೆ ಸಾಕ್ಷಿಯಲ್ಲ.