ಹದಿನೇಳು ವರ್ಷ, ಒಂದು ದನಿ ಕಡಿಮೆ

2017ರಲ್ಲಿ ಅಮೆರಿಕದ ಮೂರು ಪೋಸ್ಟ್-ಹಾರ್ಡ್‌ಕೋರ್ ತಂಡಗಳು ದೀರ್ಘ ಮೌನ ಮುರಿದವು. ಮೇ ತಿಂಗಳಲ್ಲಿ ಟೆಕ್ಸಸ್‌ನ ಎಲ್ ಪಾಸೊ ನಗರದ ಅಟ್ ದ ಡ್ರೈವ್-ಇನ್ 'ಇಂಟರ್ ಅಲಿಯಾ' ಆಲ್ಬಂ ಹೊರತಂದಿತು. ಅವರ ಹಿಂದಿನ ಆಲ್ಬಂ 'ರಿಲೇಶನ್‌ಶಿಪ್ ಆಫ್ ಕಮಾಂಡ್' ಬಂದದ್ದು 2000ದಲ್ಲಿ. ನವೆಂಬರ್‌ನಲ್ಲಿ ನ್ಯೂಯಾರ್ಕಿನ ಕ್ವಿಕ್‌ಸ್ಯಾಂಡ್ 22 ವರ್ಷಗಳ ನಂತರ 'ಇಂಟೀರಿಯರ್ಸ್' ಕೊಟ್ಟಿತು. ಡಿಸೆಂಬರ್ ಒಂದರಂದು ಲಾಂಗ್ ಐಲೆಂಡಿನ ಗ್ಲಾಸ್‌ಜಾ 15 ವರ್ಷಗಳ ಬಳಿಕ 'ಮೆಟೀರಿಯಲ್ ಕಂಟ್ರೋಲ್' ಹಿಡಿದು ಬಂತು. ಇಪ್ಪತ್ತರ ಹರೆಯದಲ್ಲಿ ಗಂಟಲು ಹರಿದುಹೋಗುವಂತೆ ಕೂಗಿದವರು ನಲವತ್ತರ ಆಸುಪಾಸಿನಲ್ಲಿ ಮತ್ತೆ ಮೈಕಿನ ಮುಂದೆ ನಿಂತರು.

ಬೇರೆ ಪ್ರಕಾರದ ಸಂಗೀತದಲ್ಲಿ ಹೀಗೆ ಮರಳುವುದು ದೊಡ್ಡ ಪ್ರಶ್ನೆಯೇನಲ್ಲ. ಬ್ಲೂಸ್ ಗಾಯಕ ಎಪ್ಪತ್ತರಲ್ಲೂ ಹಳೆಯ ಹಾಡನ್ನೇ ಹಾಡುತ್ತಾನೆ, ವಯಸ್ಸು ಅದಕ್ಕೆ ತೂಕ ಕೊಡುತ್ತದೆ. ಪೋಸ್ಟ್-ಹಾರ್ಡ್‌ಕೋರ್ ಹುಟ್ಟಿದ್ದೇ ತನ್ನ ನಿನ್ನೆಯನ್ನು ನಿರಾಕರಿಸುತ್ತ. ಆ ಪರಂಪರೆಯ ತಂಡವೊಂದು ಹದಿನೇಳು ವರ್ಷ ಬಿಟ್ಟು ಬಂದು ಹಳೆಯದನ್ನೇ ಮತ್ತೆ ಮಾಡಿದರೆ ಅದು ಪರಂಪರೆಗೆ ನಿಷ್ಠೆಯೋ, ಅದರ ಉಲ್ಲಂಘನೆಯೋ?

ಉತ್ತರಕ್ಕಾಗಿ ವಾಷಿಂಗ್ಟನ್ ಡಿ.ಸಿ.ಗೆ ಹೋಗಬೇಕು. 1980ರಲ್ಲಿ ಇಯನ್ ಮಕಾಯ್ ಮತ್ತು ಜೆಫ್ ನೆಲ್ಸನ್ ಅಲ್ಲಿ ಡಿಸ್ಕಾರ್ಡ್ ರೆಕಾರ್ಡ್ಸ್ ಕಟ್ಟಿದರು. ಅವರ ಮೈನರ್ ಥ್ರೆಟ್ ತಂಡ, ಅದೇ ಊರಿನ ಬ್ಯಾಡ್ ಬ್ರೈನ್ಸ್ ಸೇರಿ ಪಂಕ್ ಅನ್ನು ಇನ್ನಷ್ಟು ವೇಗಕ್ಕೆ ತಳ್ಳಿದರು. ಒಂದೂವರೆ ನಿಮಿಷದ ಹಾಡುಗಳು, ಉಸಿರು ತೆಗೆದುಕೊಳ್ಳಲೂ ಬಿಡದ ಡ್ರಮ್. ಅದೇ ಹಾರ್ಡ್‌ಕೋರ್. ಕೆಲವೇ ವರ್ಷಗಳಲ್ಲಿ ಅದರ ಸಭೆಗಳಲ್ಲಿ ಹೊಡೆದಾಟ ಹೆಚ್ಚಿತು, ಹಾಡುಗಳು ಒಂದರ ನಕಲು ಇನ್ನೊಂದಾದವು. ಆಗ ಆ ಊರಿನ ಹುಡುಗರೇ ಅದರಿಂದ ಹೊರನಡೆದರು. 1985ರ ಬೇಸಿಗೆಯನ್ನು ಅವರು 'ರೆವಲ್ಯೂಷನ್ ಸಮ್ಮರ್' ಎಂದು ಕರೆದುಕೊಂಡರು. ಗೈ ಪಿಚಿಯಾಟೊ ಮತ್ತು ಬ್ರೆಂಡನ್ ಕ್ಯಾಂಟಿ ಇದ್ದ ರೈಟ್ಸ್ ಆಫ್ ಸ್ಪ್ರಿಂಗ್, ಮಕಾಯ್ ಅವರ ಎಂಬ್ರೇಸ್ ಆ ಬೇಸಿಗೆಯ ತಂಡಗಳು. ಸಿಟ್ಟಿನ ಜಾಗಕ್ಕೆ ಅಳು ಬಂತು, ವೇಗದ ನಡುವೆ ರಾಗ ಬಂತು. ಎರಡೂ ತಂಡಗಳು ಬೇಗನೆ ಚದುರಿದವು.

1987ರಲ್ಲಿ ಮೊದಲ ಸಲ ವೇದಿಕೆ ಹತ್ತಿದ ಫುಗಾಜಿ ಪೋಸ್ಟ್-ಹಾರ್ಡ್‌ಕೋರ್ ಶಾಲೆಯ ವ್ಯಾಕರಣ ಬರೆಯಿತು. ಜೋ ಲಾಲಿ ಅವರ ಬೇಸ್ ಗಿಟಾರ್ ರೆಗೆ ಮತ್ತು ಡಬ್ ಸಂಗೀತದಿಂದ ನಡಿಗೆ ಕಲಿತದ್ದು. ಕ್ಯಾಂಟಿ ಡ್ರಮ್ಮಿನಲ್ಲಿ ಹೊಡೆತದಷ್ಟೇ ಖಾಲಿ ಜಾಗಕ್ಕೂ ಬೆಲೆ ಇತ್ತು. ಮೇಲೆ ಇಬ್ಬರು ಗಾಯಕರು: ಮಕಾಯ್ ಆಜ್ಞೆ ಕೊಡುವವರಂತೆ ನೇರ, ಪಿಚಿಯಾಟೊ ನರಳುವವರಂತೆ ವಕ್ರ. 1990ರ 'ರಿಪೀಟರ್'ನಿಂದ ಇಬ್ಬರ ಗಿಟಾರುಗಳೂ ಎದುರುಬದುರು ಕೂತವು. ನಮ್ಮ ಜುಗಲಬಂದಿಯ ಸವಾಲ್-ಜವಾಬ್‌ಗೆ ಇದು ಹತ್ತಿರ, ಆದರೆ ಇಲ್ಲಿ ಇಬ್ಬರೂ ಒಟ್ಟಿಗೆ ಸಮಕ್ಕೆ ಬಂದು ಮುಗಿಸಲೇಬೇಕೆಂಬ ಒಪ್ಪಂದವಿಲ್ಲ. ವಾದ ಅರ್ಧಕ್ಕೇ ನಿಲ್ಲಬಹುದು. ಟಿಕೆಟ್ ದರ ಐದು ಡಾಲರಿನ ಆಸುಪಾಸಿನಲ್ಲೇ ಇರಬೇಕು, ಎಲ್ಲ ವಯಸ್ಸಿನವರಿಗೂ ಪ್ರವೇಶ ಇರಬೇಕು ಎಂಬ ಅವರ ಹಟ ಪ್ರಸಿದ್ಧ. ಗುಂಪಿನಲ್ಲಿ ಯಾರಾದರೂ ಬೇರೆಯವರ ಮೈಮೇಲೆ ಬಿದ್ದು ನೋಯಿಸಿದರೆ ಅವರು ಹಾಡು ನಿಲ್ಲಿಸುತ್ತಿದ್ದರು. ಈ ನಡವಳಿಕೆಯನ್ನು ಬರೀ ನೈತಿಕತೆ ಎಂದು ಬದಿಗಿಡಬಾರದು. ಆ ಸಂಗೀತಕ್ಕೆ ಕಿವಿಗೊಡುವ ಸಭೆ ಬೇಕಿತ್ತು. ಯಾಕೆಂದರೆ ಅದರ ಅರ್ಧ ಶಕ್ತಿ ಸದ್ದು ನಿಂತ ಕ್ಷಣಗಳಲ್ಲಿತ್ತು.

ಎರಡು ದನಿಗಳ ವಾದ, ಮತ್ತು ನಡುವಿನ ತೆರಪು. ಯಾವ ಪುನರಾಗಮನವನ್ನಾದರೂ ಈ ಎರಡರಿಂದ ತೂಗುವುದು ನ್ಯಾಯ.

ಎಲ್ ಪಾಸೊದ ಹುಡುಗರು ಈ ವ್ಯಾಕರಣಕ್ಕೆ ತಮ್ಮ ಗಡಿಯೂರಿನ ಬಿಸಿಲು ಸೇರಿಸಿದರು. ರಿಯೊ ಗ್ರಾಂಡೆ ನದಿಯ ಆಚೆ ದಡ ಮೆಕ್ಸಿಕೊದ ಸಿಯುದಾದ್ ಹುವಾರೆಸ್. ಗಿಟಾರಿನ ಒಮರ್ ರೊಡ್ರಿಗೆಸ್-ಲೋಪೆಸ್ ಪೋರ್ಟೊ ರಿಕೊದಲ್ಲಿ ಹುಟ್ಟಿದವರು, ಡ್ರಮ್ಮಿನ ಟೋನಿ ಹಜ್ಜಾರ್ ಲೆಬನಾನಿನಲ್ಲಿ. ಹಾಡುಗಾರ ಸೆಡ್ರಿಕ್ ಬಿಕ್ಸ್ಲರ್-ಜವಾಲಾ, ಬೇಸಿನಲ್ಲಿ ಪಾಲ್ ಹಿನೊಹೊಸ್, ಎರಡನೇ ಗಿಟಾರ್ ಮತ್ತು ಎರಡನೇ ದನಿ ಜಿಮ್ ವಾರ್ಡ್. ವ್ಯಾನಿನಲ್ಲಿ ಊರೂರು ಅಲೆದು, ಸಣ್ಣ ಲೇಬಲ್ಲುಗಳಿಗೆ 'ಅಕ್ರೊಬ್ಯಾಟಿಕ್ ಟೆನೆಮೆಂಟ್', 'ಇನ್/ಕಸಿನೊ/ಔಟ್', 'ವಾಯಾ' ಮಾಡಿಕೊಟ್ಟು, ಕೊನೆಗೆ ಬೀಸ್ಟಿ ಬಾಯ್ಸ್ ನಡೆಸುತ್ತಿದ್ದ ಗ್ರ್ಯಾಂಡ್ ರಾಯಲ್ ಲೇಬಲ್ಲಿಗೆ ಬಂದರು. ಕಾರ್ನ್ ಮತ್ತು ಸ್ಲಿಪ್‌ನಾಟ್ ತಂಡಗಳ ನಿರ್ಮಾಪಕ ರಾಸ್ ರಾಬಿನ್ಸನ್ ಕೈಯಲ್ಲಿ, ಮಾಲಿಬುವಿನ ಇಂಡಿಗೊ ರಾಂಚ್ ಸ್ಟುಡಿಯೊದಲ್ಲಿ ಧ್ವನಿಮುದ್ರಣವಾದ 'ರಿಲೇಶನ್‌ಶಿಪ್ ಆಫ್ ಕಮಾಂಡ್' ಇಂದಿಗೂ ಮೈ ಜುಂ ಎನ್ನಿಸುತ್ತದೆ.

ಜನ ಅದರ ಅಬ್ಬರವನ್ನು ನೆನಪಿಟ್ಟುಕೊಂಡಿದ್ದಾರೆ. ಅದರ ಏರಿಳಿತವನ್ನು ಮರೆತಿದ್ದಾರೆ. 'ಒನ್ ಆರ್ಮ್ಡ್ ಸಿಸರ್'ನಲ್ಲಿ ಸೆಡ್ರಿಕ್ ಒಗಟಿನಂಥ ಸಾಲುಗಳನ್ನು ಉದುರಿಸುತ್ತ ಹೋದರೆ, ವಾರ್ಡ್ ಅವರ ಒರಟು ಕೂಗು ಆ ಮಾತನ್ನು ನೆಲಕ್ಕೆ ಕಟ್ಟಿಹಾಕುತ್ತದೆ. 'ಇನ್‌ವ್ಯಾಲಿಡ್ ಲಿಟರ್ ಡೆಪ್ಟ್' ಹುವಾರೆಸ್‌ನಲ್ಲಿ 1993ರಿಂದ ಸಾಲುಸಾಲಾಗಿ ಕೊಲೆಯಾದ ಹೆಣ್ಣುಮಕ್ಕಳ ಕುರಿತದ್ದು. ಅದರಲ್ಲಿ ಪದ್ಯಭಾಗಗಳು ಹಾಡೇ ಅಲ್ಲ, ಮಾತು. ಮೆಲ್ಲನೆಯ ಮಾತಿನಿಂದ ಪಲ್ಲವಿಗೆ ಏರುವ ಆ ಅಂತರದಲ್ಲಿ ಕೇಳುವವರು ತಪ್ಪಿಸಿಕೊಳ್ಳಲಾರದೆ ಸಿಕ್ಕಿಬೀಳುತ್ತಾರೆ. ಕೊನೆಯ 'ನಾನ್-ಜೀರೊ ಪಾಸಿಬಿಲಿಟಿ' ಪಿಯಾನೊ ಹಿಡಿದು ನಿಧಾನಕ್ಕೆ ನಡೆಯುತ್ತದೆ. ಅಬ್ಬರದ ಆಲ್ಬಂ ಎಂದು ಹೆಸರಾದ ಕೃತಿ ಮುಗಿಯುವುದು ಹೀಗೆ.

2001ರ ಜನವರಿಯಲ್ಲಿ ಸಿಡ್ನಿಯ ಬಿಗ್ ಡೇ ಔಟ್ ಉತ್ಸವದಲ್ಲಿ ನೂಕಾಡುತ್ತಿದ್ದ ಪ್ರೇಕ್ಷಕರನ್ನು ಸೆಡ್ರಿಕ್ ತರಾಟೆಗೆ ತೆಗೆದುಕೊಂಡರು, ಕೆಲವೇ ಹಾಡುಗಳಿಗೆ ತಂಡ ವೇದಿಕೆ ಬಿಟ್ಟಿತು. ಅದೇ ದಿನ ಮತ್ತೊಂದು ತಂಡ ನುಡಿಸುವಾಗ ಜನಸಂದಣಿಗೆ ಸಿಕ್ಕ ಬಾಲಕಿಯೊಬ್ಬಳು ಕೆಲದಿನಗಳಲ್ಲಿ ತೀರಿಕೊಂಡಳು. ಫುಗಾಜಿಯಿಂದ ಕಲಿತ ಪಾಠ ಎಷ್ಟು ದೊಡ್ಡದಾಗಿತ್ತೆಂದು ಆ ಸಾವು ತೋರಿಸಿತು. ಎರಡು ತಿಂಗಳಲ್ಲಿ ತಂಡವೇ ನಿಂತಿತು. ಸೆಡ್ರಿಕ್ ಮತ್ತು ಒಮರ್ ಮಾರ್ಸ್ ವೋಲ್ಟಾ ಕಟ್ಟಿ ಲ್ಯಾಟಿನ್ ಲಯ ಮತ್ತು ಪ್ರೋಗ್ರೆಸಿವ್ ರಾಕ್‌ನತ್ತ ಹೊರಟರು. ವಾರ್ಡ್, ಹಜ್ಜಾರ್, ಹಿನೊಹೊಸ್ ಸ್ಪಾರ್ಟಾ ಕಟ್ಟಿದರು.

ಮೊದಲ ಪುನರ್ಮಿಲನ ಆದದ್ದು 2012ರಲ್ಲಿ, ಆಗ ಕೋಚೆಲ್ಲಾ ಉತ್ಸವದ ವೇದಿಕೆಯನ್ನೂ ಹತ್ತಿದರು. ಹೊಸ ಹಾಡು ಒಂದೂ ಇರಲಿಲ್ಲ. ದೊಡ್ಡ ಉತ್ಸವಗಳು ಹಣ ಕೊಡುವುದು ಹಳೆಯ ಹಾಡುಗಳಿಗೆ, ಜನ ಬರುವುದೂ ಅದಕ್ಕೇ. ಹಾಗಾಗಿ ಮತ್ತೆ ಸೇರಿದ ತಂಡಕ್ಕೆ ಹೊಸ ಆಲ್ಬಂ ಮಾಡಲೇಬೇಕಾದ ಒತ್ತಡವಿಲ್ಲ. 'ಇಂಟರ್ ಅಲಿಯಾ' ಮಾಡಿದ್ದೇ ಒಂದು ಧೈರ್ಯ, ಅದನ್ನು ಗೌರವಿಸಬೇಕು. ಆದರೆ 2016ರಲ್ಲಿ ತಂಡ ಮತ್ತೆ ಸೇರಿದಾಗ ಜಿಮ್ ವಾರ್ಡ್ ಹೊರಗುಳಿದರು, ಅವರ ಜಾಗಕ್ಕೆ ಕೀಲಿ ಡೇವಿಸ್ ಬಂದರು.

ಈ ಗೈರುಹಾಜರಿ ಆಲ್ಬಂನ ಮೊದಲ ಹಾಡು 'ನೋ ವುಲ್ಫ್ ಲೈಕ್ ದ ಪ್ರೆಸೆಂಟ್'ನಲ್ಲೇ ಕಿವಿಗೆ ಬೀಳುತ್ತದೆ. ಹಜ್ಜಾರ್ ಡ್ರಮ್ ಚುರುಕಾಗಿದೆ, ಒಮರ್ ಗಿಟಾರು ಹಿಂದಿನಂತೆಯೇ ಗಾಜು ಒಡೆದ ಸದ್ದಿನದು, ಸೆಡ್ರಿಕ್ ಗಂಟಲು ಅಚ್ಚರಿ ಹುಟ್ಟಿಸುವಷ್ಟು ಗಟ್ಟಿ. ಹನ್ನೊಂದು ಹಾಡು, ಸುಮಾರು 40 ನಿಮಿಷ. 'ಗವರ್ನ್ಡ್ ಬೈ ಕಂಟೇಜನ್ಸ್' ಪಲ್ಲವಿ ಒಮ್ಮೆ ಕೇಳಿದರೆ ತಲೆಯಲ್ಲಿ ಉಳಿಯುತ್ತದೆ. 'ಇನ್‌ಕ್ಯೂರಬ್ಲಿ ಇನೊಸೆಂಟ್' ಲೈಂಗಿಕ ದೌರ್ಜನ್ಯ ಅನುಭವಿಸಿದವರ ಪರವಾಗಿ ನಿಲ್ಲುತ್ತದೆ, ಅದರಲ್ಲಿ ಉತ್ಸಾಹವೂ ನೋವೂ ಬೆರೆತಿವೆ. ಬಿಡಿಬಿಡಿಯಾಗಿ ಕೇಳಿದರೆ ಇವು ಒಳ್ಳೆಯ ಹಾಡುಗಳು. ಸಾಲಾಗಿ ಕೇಳಿದಾಗ ತೊಂದರೆ ಶುರು. ಒಂದೇ ಎತ್ತರದಲ್ಲಿ ಆರಂಭವಾಗಿ ಅದೇ ಎತ್ತರದಲ್ಲಿ ಮುಗಿಯುವ ಹಾಡಿನ ಹಿಂದೆ ಅಂಥದ್ದೇ ಇನ್ನೊಂದು. 'ಘೋಸ್ಟ್-ಟೇಪ್ ನಂಬರ್ 9' ಬರುವ ತನಕ ಉಸಿರಿಗೆ ಬಿಡುವಿಲ್ಲ, ಅದು ಬರುವುದು ಕೊನೆಗೆ ಒಂದೇ ಹಾಡು ಉಳಿದಿರುವಾಗ. ಸೆಡ್ರಿಕ್ ಸವಾಲ್ ಎಸೆಯುತ್ತಾರೆ, ಎದುರಿನಿಂದ ಜವಾಬ್ ಬರುವುದಿಲ್ಲ. ಹಿನ್ನೆಲೆಯ ಕೂಗುಗಳಿವೆ ನಿಜ, ಆದರೆ ಅವು ಅವರ ಮಾತನ್ನೇ ಅನುಮೋದಿಸುತ್ತವೆ. ವಾರ್ಡ್ ತಕರಾರು ತೆಗೆಯುತ್ತಿದ್ದರು.

ಹಳೆಯ ಆಲ್ಬಂನ ಮಿಕ್ಸ್ ಬಗ್ಗೆ, ಆಂಡಿ ವಾಲೆಸ್ ಕೊಟ್ಟ ಆ ಹೊಳಪಿನ ಬಗ್ಗೆ, ಮುಂದೆ ಒಮರ್ ಬಹಿರಂಗವಾಗಿಯೇ ಅಸಮಾಧಾನ ಹೇಳಿಕೊಂಡಿದ್ದರು. ಈ ಸಲ ರಿಚ್ ಕಾಸ್ಟಿ ಜೊತೆ ನಿರ್ಮಾಣ ಅವರದ್ದೇ. ಹೀಗಿದ್ದೂ 'ಇಂಟರ್ ಅಲಿಯಾ' ಹಿಂದಿನದಕ್ಕಿಂತ ಇಕ್ಕಟ್ಟಾಗಿ ಕೇಳಿಸುತ್ತದೆ. ಪ್ರತಿ ವಾದ್ಯವೂ ಮುಂದಿನ ಸಾಲಿಗೆ ಬಂದು ನಿಂತಿದೆ, ತೆರಪು ಮುಚ್ಚಿಹೋಗಿದೆ. ಕೈಗೆ ಪೂರ್ತಿ ಅಧಿಕಾರ ಬಂದಾಗ ಒಮರ್ ಅಷ್ಟು ದಟ್ಟವಾದ ಧ್ವನಿಯನ್ನು ಆಯ್ದುಕೊಂಡದ್ದು ಬೇಸರ ತರುತ್ತದೆ.

ಸ್ವೀಡನ್ನಿನ ರಿಫ್ಯೂಸ್ಡ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿತ್ತು. ಉತ್ತರದ ಊಮಿಯೊ ಪಟ್ಟಣದ ಈ ತಂಡ 1998ರಲ್ಲಿ 'ದ ಶೇಪ್ ಆಫ್ ಪಂಕ್ ಟು ಕಮ್' ಮಾಡಿತು. ಶೀರ್ಷಿಕೆ ಜಾಝ್‌ನ ಆರ್ನೆಟ್ ಕೋಲ್ಮನ್ ಅವರ 1959ರ ಆಲ್ಬಂಗೆ ಸಲ್ಲಿಸಿದ ಗೌರವ. ಒಳಗೆ ಎಲೆಕ್ಟ್ರಾನಿಕ್ ಸದ್ದು, ತಂತಿವಾದ್ಯ, ಬಂಡವಾಳಶಾಹಿಯ ವಿರುದ್ಧ ಘೋಷಣೆ. ಅದೇ ವರ್ಷ ವರ್ಜೀನಿಯಾದ ಒಂದು ಮನೆಯ ನೆಲಮಾಳಿಗೆಯಲ್ಲಿ ನಡೆದ ಕೊನೆಯ ಕಛೇರಿಯನ್ನು ಪೊಲೀಸರು ನಿಲ್ಲಿಸಿದರು. ತಂಡ ತಾನು ಸತ್ತಿದ್ದೇನೆಂದು ಪ್ರಣಾಳಿಕೆ ಬರೆದು ಹೋಯಿತು. ಅಂಥವರು 2012ರಲ್ಲಿ ಎದ್ದು ಬಂದು, 2015ರಲ್ಲಿ 'ಫ್ರೀಡಂ' ಕೊಟ್ಟಾಗ ಅದರ ಎರಡು ಹಾಡುಗಳಿಗೆ ಶೆಲ್‌ಬ್ಯಾಕ್ ಕೈಜೋಡಿಸಿದ್ದರು. ಅವರು ಟೇಲರ್ ಸ್ವಿಫ್ಟ್‌ಗೆ ಹಾಡು ಕಟ್ಟಿಕೊಟ್ಟ ಪಾಪ್ ನಿರ್ಮಾಪಕ. ಅಭಿಮಾನಿಗಳಲ್ಲಿ ಎಷ್ಟೋ ಮಂದಿ ಇದನ್ನು ದ್ರೋಹವೆಂದರು. ಆಲ್ಬಂ ಪೂರ್ತಿ ಗೆದ್ದಿಲ್ಲ, ಘೋಷಣೆಗಳು ಕೆಲವೆಡೆ ತೆಳುವಾಗಿವೆ. ಆದರೂ ಫಂಕ್ ಕಡೆಗೆ, ತುತ್ತೂರಿಗಳ ಕಡೆಗೆ ಅದು ಚಾಚಿದ ಕೈ ಪ್ರಾಮಾಣಿಕವಾದದ್ದು. ಬಿದ್ದರೂ ಮುಂದಕ್ಕೆ ಬಿದ್ದ ಆಲ್ಬಂ ಅದು.

ಗ್ಲಾಸ್‌ಜಾ ಕತೆ ಸರಳ. ಡ್ಯಾರಿಲ್ ಪಲುಂಬೊ ಮತ್ತು ಜಸ್ಟಿನ್ ಬೆಕ್, ಡಿಲ್ಲಿಂಜರ್ ಎಸ್ಕೇಪ್ ಪ್ಲ್ಯಾನ್ ತಂಡದ ಬಿಲ್ಲಿ ರೈಮರ್ ಅವರನ್ನು ಡ್ರಮ್ಮಿಗೆ ಕೂರಿಸಿ, ಮಣ್ಣು ಮೆತ್ತಿದಂಥ ಬೇಸ್ ಧ್ವನಿಯ, ಬಿಗಿಯಾದ ಆಲ್ಬಂ ಮಾಡಿದರು. ಅದರ ಕಸುಬು ಮೆಚ್ಚುವಂಥದ್ದು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಕ್ವಿಕ್‌ಸ್ಯಾಂಡ್ ಹತ್ತಿರ. ವಾಲ್ಟರ್ ಶ್ರೈಫೆಲ್ಸ್ ಹದಿಹರೆಯದಲ್ಲೇ ಗೊರಿಲ್ಲಾ ಬಿಸ್ಕಿಟ್ಸ್ ಮೂಲಕ ನ್ಯೂಯಾರ್ಕ್ ಹಾರ್ಡ್‌ಕೋರ್‌ನ ಮುಖವಾಗಿದ್ದವರು. 1993ರ 'ಸ್ಲಿಪ್', 1995ರ 'ಮ್ಯಾನಿಕ್ ಕಂಪ್ರೆಶನ್' ಎರಡರಲ್ಲೂ ಅವರ ಕೂಗಿಗೆ ಚಾಕುವಿನ ಮೊನೆ ಇತ್ತು. 'ಇಂಟೀರಿಯರ್ಸ್'ನಲ್ಲಿ ಅವರು ಬಹುಪಾಲು ಹಾಡುತ್ತಾರೆ. ಬೇಸಿನ ಸರ್ಜಿಯೊ ವೇಗಾ ಅಷ್ಟರಲ್ಲಿ ಡೆಫ್ಟೋನ್ಸ್ ತಂಡದಲ್ಲಿ ವರ್ಷಗಟ್ಟಲೆ ನುಡಿಸಿ ಬಂದಿದ್ದರು, ಆ ವಿಸ್ತಾರ ಇಲ್ಲಿ ಬೆರೆತಿದೆ. ವಿಲ್ ಯಿಪ್ ನಿರ್ಮಾಣದಲ್ಲಿ ಗಿಟಾರುಗಳ ಮಧ್ಯೆ ಗಾಳಿಯಾಡುತ್ತದೆ. 'ಕಾಸ್ಮೊನಾಟ್ಸ್' ಎಂಬ ಹಾಡು ತೇಲುತ್ತ ಸಾಗುತ್ತದೆ. ಮೂವತ್ತು ವರ್ಷದ ಹಿಂದಿನ ಶ್ರೈಫೆಲ್ಸ್ ಅದನ್ನು ಬರೆಯುವಂತಿರಲಿಲ್ಲ. ಪರಿಚಿತ ಭಾರ ಹಾಗೇ ಇದೆ, ಅದನ್ನು ಹೊರುವ ರೀತಿ ಬದಲಾಗಿದೆ.

ವೇಗ ಇಳಿಸಿದ ಮಾತ್ರಕ್ಕೆ ಪ್ರೌಢತೆ ಬರುತ್ತದೆಂದು ಇದರ ಅರ್ಥವಲ್ಲ. ಹಾಟ್ ಸ್ನೇಕ್ಸ್ ತಂಡದ ರಿಕ್ ಫ್ರೋಬರ್ಗ್ ಮತ್ತು ಜಾನ್ ರೀಸ್ 14 ವರ್ಷದ ಬಿಡುವಿನ ನಂತರ 2018ರಲ್ಲಿ ತಂದ 'ಜೆರಿಕೊ ಸೈರನ್ಸ್' ಒಂದು ಚೂರೂ ನಿಧಾನಿಸಿಲ್ಲ. ಆದರೆ ಫ್ರೋಬರ್ಗ್ ಹಾಡುತ್ತಿರುವುದು ಕಾಯಿಲೆಯ ಭಯ, ಕೆಲಸದ ಬಳಲಿಕೆ, ಸಾವಿನ ಬಗ್ಗೆ. 'ಐ ನೀಡ್ ಎ ಡಾಕ್ಟರ್' ಎಂಬ ಹೆಸರೇ ಸಾಕು. ಓಡುವ ಸಂಗೀತದೊಡನೆ ದಣಿದ ಮೈಯ ಮಾತು ಜಗಳವಾಡುತ್ತದೆ. ಒಬ್ಬನೇ ಗಾಯಕನಿದ್ದರೂ ಅಲ್ಲಿ ಎರಡು ದನಿ ಇವೆ. 2023ರಲ್ಲಿ ಫ್ರೋಬರ್ಗ್ ತೀರಿಕೊಂಡ ಮೇಲೆ ಆ ಆಲ್ಬಂ ಕೇಳುವುದು ಕಷ್ಟವಾಗುತ್ತದೆ, ಬಿಟ್ಟಿರುವುದೂ ಕಷ್ಟ.

ಫುಗಾಜಿ ಮಾತ್ರ ಬರಲೇ ಇಲ್ಲ. 2001ರ 'ದ ಆರ್ಗ್ಯುಮೆಂಟ್' ಅವರ ಕೊನೆಯ ಆಲ್ಬಂ, 2002ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ನುಡಿಸಿದ್ದು ಕೊನೆಯ ಕಛೇರಿ. ಅದರ ಸದಸ್ಯರು ಸುಮ್ಮನೆ ಕೂತಿಲ್ಲ. ಲಾಲಿ ಮತ್ತು ಕ್ಯಾಂಟಿ ಗಿಟಾರಿಗ ಆಂಟನಿ ಪಿರೋಗ್ ಜೊತೆ ಮೆಸ್ಥೆಟಿಕ್ಸ್ ಕಟ್ಟಿ, ಸ್ಯಾಕ್ಸೊಫೋನಿನ ಜೇಮ್ಸ್ ಬ್ರಾಂಡನ್ ಲೂಯಿಸ್ ಅವರೊಂದಿಗೆ ಜಾಝ್‌ವರೆಗೂ ನಡೆದರು. ಮಕಾಯ್ ಮತ್ತು ಲಾಲಿ, ಏಮಿ ಫರೀನಾ ಜೊತೆಗೂಡಿ ಕೊರಿಕಿ ಎಂಬ ಹೆಸರಿನಲ್ಲಿ 2020ರಲ್ಲಿ ಆಲ್ಬಂ ಕೊಟ್ಟರು. ಹಳೆಯ ಹೆಸರನ್ನು ಬಳಸಿದ್ದರೆ ಸಿಗುತ್ತಿದ್ದ ಸಭಾಂಗಣಗಳನ್ನು, ಹಣವನ್ನು ಅವರು ಮುಟ್ಟಲಿಲ್ಲ. ಹೊಸ ಹಾಡಿಗೆ ಹೊಸ ಹೆಸರು ಕೊಟ್ಟರು.

ಅಟ್ ದ ಡ್ರೈವ್-ಇನ್ 2017ರ ಕೊನೆಯಲ್ಲಿ 'ದಿಯಾಮಾಂತೆ' ಎಂಬ ಕಿರು ಆಲ್ಬಂ ತಂದು, 2018ರ ಪ್ರವಾಸ ಮುಗಿಸಿ ಮತ್ತೆ ಮೌನಕ್ಕೆ ಹೋಯಿತು. ಆಮೇಲಿನ ಬೆಳವಣಿಗೆಯೇ ಸ್ವಾರಸ್ಯದ್ದು. 2020ರಲ್ಲಿ ಜಿಮ್ ವಾರ್ಡ್ ಸ್ಪಾರ್ಟಾ ಹೆಸರಿನಲ್ಲಿ 14 ವರ್ಷಗಳ ನಂತರದ ಆಲ್ಬಂ 'ಟ್ರಸ್ಟ್ ದ ರಿವರ್' ಕೊಟ್ಟರು. ಅದರಲ್ಲಿ ಕೂಗೂ ಇದೆ, ಪಿಯಾನೊ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹಾಡುವುದೂ ಇದೆ. 2022ರಲ್ಲಿ ಸೆಡ್ರಿಕ್ ಮತ್ತು ಒಮರ್ ಮಾರ್ಸ್ ವೋಲ್ಟಾವನ್ನು ಹತ್ತು ವರ್ಷಗಳ ಬಳಿಕ ಎಬ್ಬಿಸಿ, ತಂಡದ ಹೆಸರನ್ನೇ ಇಟ್ಟ ಆಲ್ಬಂ ತಂದರು. ಹತ್ತು ಹನ್ನೆರಡು ನಿಮಿಷದ ಹಾಡುಗಳಿಗೆ ಹೆಸರಾದವರು ಮೂರು ಮೂರು ನಿಮಿಷದ, ಕೆರಿಬಿಯನ್ ಲಯದ ಪಾಪ್ ಹಾಡು ಕಟ್ಟಿದರು. ಸೆಡ್ರಿಕ್ ಅದರಲ್ಲಿ ಬಹುತೇಕ ಪಿಸುಗುಡುವಷ್ಟು ಮೆಲ್ಲಗೆ ಹಾಡುತ್ತಾರೆ, 'ಬ್ಲ್ಯಾಕ್‌ಲೈಟ್ ಶೈನ್'ನಲ್ಲಿ ತಾಳವಾದ್ಯಗಳ ನಡುವೆ ಹೇರಳ ಜಾಗವಿದೆ. 'ಇಂಟರ್ ಅಲಿಯಾ'ಗೆ ಬೇಕಿದ್ದ ತೆರಪು ಅಲ್ಲಿ ಸಿಕ್ಕಿತು, ಬೇಕಿದ್ದ ಎರಡನೇ ದನಿ ವಾರ್ಡ್ ಅವರ ಆಲ್ಬಂನಲ್ಲಿ ಉಳಿಯಿತು.