ಒಣಗಬಾರದ ಮೆಟ್ಟು

ಚರ್ಮದ ಮೆಟ್ಟಿಗೆ ನೀರು ಸೋಕಿಸಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳ ಜನ ಹಿಂದೆ ತೊಡುತ್ತಿದ್ದ ‘ಪಾಂಪೂಟಿ’ ಮೆಟ್ಟಿಗೆ ಮಾತ್ರ ಈ ಬುದ್ಧಿವಾದ ಹಿಡಿಸುವುದಿಲ್ಲ.

ಹದ ಮಾಡದ ದನದ ತೊಗಲಿನ ಒಂದೇ ತುಂಡು, ಕೂದಲು ಹೊರಮುಖ. ಬೆರಳ ಕಡೆ, ಹಿಮ್ಮಡಿ ಕಡೆ ಮಡಿಸಿ ಮೀನುಗಾಳದ ಹುರಿಯಿಂದ ಬಿಗಿದು, ಹುರಿಯ ತುದಿಗಳನ್ನು ಪಾದದ ಮೇಲೆ ಗಂಟು ಹಾಕಿದರೆ ಮುಗಿಯಿತು. ಬೇರೆ ಅಟ್ಟೆಯಿಲ್ಲ, ಮೊಳೆಯಿಲ್ಲ. ಹಸಿ ತೊಗಲು ಒಣಗಿತೆಂದರೆ ಸೆಟೆದುಕೊಂಡು ಕಾಲನ್ನೇ ಕೊರೆಯುತ್ತದೆ. ಆದ್ದರಿಂದ ರಾತ್ರಿ ಬಿಚ್ಚಿ ನೀರಿನ ಬೋಗುಣಿಯಲ್ಲಿ ನೆನೆಹಾಕಬೇಕಿತ್ತು. ಹಗಲಲ್ಲೂ ಆಗಾಗ ಅಲೆಗೆ ಕಾಲೊಡ್ಡಿ ಬರಬೇಕಿತ್ತು.

ಇಷ್ಟೆಲ್ಲ ಕಾಟ ಯಾಕೆಂದರೆ, ಅಲ್ಲಿಯ ನೆಲ ಬರೀ ಸುಣ್ಣಕಲ್ಲು, ಅಂಚೆಲ್ಲ ಹರಿತ. ಅವರ ‘ಕರಾಕ್’ ದೋಣಿಯಾದರೋ ತೆಳು ಮರದ ಚೌಕಟ್ಟಿಗೆ ಟಾರು ಬಳಿದ ಕ್ಯಾನ್ವಾಸ್ ಹೊದಿಸಿದ್ದು. ಮೊಳೆ ಹೊಡೆದ ಬೂಟು ಅದಕ್ಕೆ ಶತ್ರು. ನನ್ನ ಮಟ್ಟಿಗೆ ಪಾಂಪೂಟಿಯ ಹಿರಿಮೆ ಇಲ್ಲಿದೆ: ಅದು ತೊಟ್ಟವನನ್ನೂ ಕಾಯುತ್ತದೆ, ಅವನ ದೋಣಿಯನ್ನೂ ಕಾಯುತ್ತದೆ. ನಾಟಕಕಾರ ಜೆ. ಎಂ. ಸಿಂಗ್ 1898ರಲ್ಲಿ ಮೊದಲ ಸಲ ಅಲ್ಲಿಗೆ ಹೋದ. ಅವನ ಬೂಟು ಕಲ್ಲಿಗೆ ಸಿಕ್ಕು ಹರಿದಾಗ, ಆ ದ್ವೀಪಗಳಲ್ಲೊಂದಾದ ಇನಿಷ್‌ಮಾನ್‌ನ ಅವನು ತಂಗಿದ್ದ ಮನೆಯವರು ಒಂದು ಜೊತೆ ಹೊಲಿದುಕೊಟ್ಟರು. ಬೂಟಿನ ಚಾಳಿಯಂತೆ ಹಿಮ್ಮಡಿ ಊರಿ ನಡೆದವನಿಗೆ ಮೊದಲು ಸಿಕ್ಕಿದ್ದು ನೋವು. ಬೆರಳುಗಳಿಗೆ ಕೆಲಸ ಕೊಡುವುದನ್ನು ಕೆಲವೇ ಗಂಟೆಗಳಲ್ಲಿ ಕಲಿತ. 1907ರ ಅವನ ಪುಸ್ತಕದಲ್ಲಿ ಇದೆಲ್ಲ ಬರುತ್ತದೆ. ಮೆಟ್ಟಿನ ವಿಮರ್ಶೆ ಅಂದರೆ ಹಾಗಿರಬೇಕು, ತೊಟ್ಟು ನಡೆದು ಬರೆದದ್ದು.

ದ್ವೀಪ ಬಿಟ್ಟು ಒಳನಾಡಿಗೆ ಬಂದರೆ ಆಗ ಹಳ್ಳಿಯ ಮಕ್ಕಳದು ಬೇಸಿಗೆಯಿಡೀ ಬರಿಗಾಲೇ ಆಗಿತ್ತು. ಚರ್ಚಿಗೆ ಹೊರಟ ಹೆಂಗಸರು ಬೂಟನ್ನು ಕೈಯಲ್ಲೇ ಹಿಡಿದು ನಡೆದು, ಚರ್ಚು ಹತ್ತಿರವಾದ ಮೇಲೆ ಮೆಟ್ಟಿಕೊಳ್ಳುವುದಿತ್ತು. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಶಾಲಾಮಕ್ಕಳಿಂದ ಹಿರಿಯರ ತಿಳಿವಳಿಕೆಯನ್ನು ಬರೆಸಿತು. ವಿಷಯಗಳ ಪಟ್ಟಿಯಲ್ಲಿ ಪಾದಗಳ ಆರೈಕೆಯೂ ಇತ್ತು! ಆಯೋಗದಲ್ಲಿ ಯಾರೋ ನನ್ನಂಥವರು ಇದ್ದಿರಬೇಕು.

ಕಾಲು ತೊಳೆದ ನೀರಿನದಂತೂ ದೊಡ್ಡ ಶಾಸ್ತ್ರ. ರಾತ್ರಿ ಅದನ್ನು ಮನೆಯೊಳಗೆ ಇಟ್ಟುಕೊಳ್ಳಬಾರದೆಂಬ ನಂಬಿಕೆಯಿತ್ತು. ಐರಿಷ್ ಲೇಖಕಿ ಲೇಡಿ ವೈಲ್ಡ್ 1887ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಕೊಂಬಿನ ಮಾಟಗಾತಿಯರು ಹೊರಗೆ ನಿಂತು, ಬಾಗಿಲು ತೆಗೆ ಎಂದು ಆ ನೀರನ್ನೇ ಕರೆಯುತ್ತಾರೆ. ಮನೆಯೊಡತಿ ಆಗಲೇ ಚೆಲ್ಲಿಬಿಟ್ಟಿದ್ದರಿಂದ ಅದರ ಕೈಲಿ ಏನೂ ಆಗುವುದಿಲ್ಲ. ಚೆಲ್ಲುವುದಕ್ಕೂ ರೀತಿಯಿತ್ತು. ಕತ್ತಲಲ್ಲಿ ಸುಳಿದಾಡುವ ಯಕ್ಷಿಣಿ ಜನರ ಮೈಗೆ ಎರಚಿ ಅವರ ಮುನಿಸು ಕಟ್ಟಿಕೊಳ್ಳಬಾರದಲ್ಲ, ಹುಷಾರೆಂದು ಮೊದಲು ಕೂಗಿ, ಆಮೇಲೆ ಸುರಿಯುತ್ತಿದ್ದರು.