ಬೇಲಿ ಮೊದಲು, ಪರಿವರ್ತನೆ ಆಮೇಲೆ

ಬೆಂಗಳೂರಿನ ಚಾಮರಾಜಪೇಟೆ ಎಂದೊಡನೆ ಎಲ್ಲರಿಗೂ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ನೆನಪಾಗುತ್ತದೆ. ಸಾದಾ ಪಠ್ಯದ ಹುಚ್ಚು ಹಿಡಿದವರಿಗೆ ಇದು ಕನ್ನಡ ಗಣಕ ಪರಿಷತ್ತಿನ ಪೇಟೆಯೂ ಹೌದು. ಅದು ಕೊಟ್ಟ ‘ನುಡಿ’ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ, ಅದೆಷ್ಟು ಸ್ಮರಣ ಸಂಚಿಕೆಗಳು, ಪ್ರಬಂಧಗಳು ಟೈಪಾದವೋ! ಅವನ್ನೆಲ್ಲ ಯೂನಿಕೋಡಿಗೆ ತರುವ ಕೆಲಸ ಇನ್ನೂ ಬಾಕಿ ಇದೆ.

ಹಳೆಯ ನುಡಿ ಕಡತದಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಲಿಪಿಯ ಮನೆಗಳಲ್ಲಿ ಕೂತಿರುತ್ತವೆ. ‘ಕ’ ಎಂದರೆ ಒಂದು ‘ಪಿ’, ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟಿರುವ ‘ಎ’. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟು. ಕಡತವನ್ನು ಸಾದಾ ಪಠ್ಯವಾಗಿ ಉಳಿಸಿದ ಕ್ಷಣ ಫಾಂಟಿನ ಹೆಸರು ಅಳಿಸಿಹೋಗುತ್ತದೆ. ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದ ಯಾವುದು, ಕನ್ನಡ ಯಾವುದು ಎಂಬ ಗೆರೆಯೂ ಅಳಿಸುತ್ತದೆ. ಪರಿವರ್ತಕ ತಂತ್ರಾಂಶ ಎರಡನ್ನೂ ಒಂದೇ ಎಂದು ತಿಳಿದು ಇಂಗ್ಲಿಷ್ ಗ್ರಂಥಸೂಚಿಯನ್ನು ಅರ್ಥವಿಲ್ಲದ ಕನ್ನಡವಾಗಿಸುತ್ತದೆ.

ಆದ್ದರಿಂದ ಇಂಗ್ಲಿಷ್ ತುಣುಕುಗಳಿಗೆ ಬೇಲಿ ಹಾಕಬೇಕಾದದ್ದು ವರ್ಡ್ ಕಡತದಲ್ಲೇ, ಫಾಂಟಿನ ಗುರುತು ಇನ್ನೂ ಉಳಿದಿರುವಾಗ. ಹುಡುಕು ಕಿಟಕಿಯಲ್ಲಿ ಇಂಗ್ಲಿಷ್ ಫಾಂಟನ್ನು ಆರಿಸಿ, ಸಿಕ್ಕ ಪ್ರತಿ ತುಣುಕನ್ನೂ ಬೇರೆ ಕಡತಕ್ಕೆ ಸರಿಸಿ, ಅದರ ಜಾಗದಲ್ಲಿ @@1@@, @@2@@ ಎಂದು ಸಂಖ್ಯೆ ಇಡಿ. ಪರಿವರ್ತನೆ ಮುಗಿದ ಮೇಲೆ ತುಣುಕುಗಳನ್ನು ಅವುಗಳ ಜಾಗಕ್ಕೆ ಮರಳಿಸಿ. ಗುರುತನ್ನು ಪರಿವರ್ತಕ ಮುಟ್ಟುವುದಿಲ್ಲವೆಂದು ಒಂದು ಸಾಲಿನಲ್ಲಿ ಮೊದಲು ಪರೀಕ್ಷಿಸಿಕೊಳ್ಳಿ. ಬಣ್ಣ ಬಳಿದು ಗುರುತಿಸುವುದು ನನಗೆ ಒಪ್ಪಿಗೆಯಿಲ್ಲ. ಸಾದಾ ಪಠ್ಯದಲ್ಲಿ ಬಣ್ಣ ನಿಲ್ಲುವುದಿಲ್ಲ, ಅಕ್ಷರ ನಿಲ್ಲುತ್ತದೆ.

ಪದ್ಯಕ್ಕೂ ಇಂಥದೇ ಕಾವಲು ಬೇಕು. ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ. 3 ಮತ್ತು 6ನೆಯದಕ್ಕೆ 21ರ ಮೇಲೊಂದು ಗುರು. ಪ್ಯಾರಾ ಜೋಡಿಸುವ ಒಂದು ಆಜ್ಞೆ ಆರೂ ಸಾಲನ್ನು ಗದ್ಯದಂತೆ ಸುರಿದುಬಿಡುತ್ತದೆ. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಆರ್ಗ್ ಮೋಡಿನಲ್ಲಿ ಪದ್ಯಕ್ಕೆಂದೇ ಆರಂಭ, ಅಂತ್ಯದ ಗುರುತುಗಳಿವೆ. ನನಗೆ ತುಂಬ ಪ್ರಿಯವಾದ ಸೌಲಭ್ಯ ಅದು.

ಇನ್ನು ಕಣ್ಣಿಗೆ ಕಾಣದ ಅಕ್ಷರ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆದಿರುವುದು ಶೂನ್ಯ ಅಗಲದ ಒಂದು ಚಿಹ್ನೆ. ‘ಅನಗತ್ಯ ಅಕ್ಷರ ತೆಗೆ’ ಎಂಬ ಆಜ್ಞೆ ಅದನ್ನೂ ಗುಡಿಸಿಹಾಕಬಹುದು. ಆಮೇಲೆ ಉಳಿಯುವುದು ‘ರಾಜ್ಕುಮಾರ್’.

ನಿಮ್ಮ ಮನೆಯಲ್ಲೋ ಸಂಘದಲ್ಲೋ ನುಡಿ ಕಡತಗಳಿದ್ದರೆ ಮೂಲ ಪ್ರತಿಯನ್ನು ಫಾಂಟಿನ ಸಮೇತ ಹಾಗೇ ಇಟ್ಟುಕೊಳ್ಳಿ. ಪರಿವರ್ತನೆಯ ಕೆಲಸ ನಡೆಯಬೇಕಾದದ್ದು ನಕಲಿನ ಮೇಲೆ ಮಾತ್ರ.